ಇದನ್ನೂ ನೋಡಿ

ಊರೂರು ಅಲೆದು, ಏಳು ಅಚ್ಚುಕೂಟಗಳಲ್ಲಿ ಕರಡು ತಿದ್ದಿ, ಏಳರಲ್ಲೂ ಜಗಳವಾಡಿ ಹೊರಬಿದ್ದು, ಒಂದು ಮಧ್ಯಾಹ್ನ ನಾನು ಅಕ್ಕನ ಮನೆಯ ಬಾಗಿಲು ತಟ್ಟಿದೆ. ಬಾಗಿಲು ತೆರೆದವಳು ಅಕ್ಕನೇ. ಅಲ್ಲಿಂದಲೇ ನನಗೆ ಅನುಮಾನ ಶುರುವಾಯಿತು. ಕೆಲಸದ ದಿನ, ಮಧ್ಯಾಹ್ನ ಎರಡು ಗಂಟೆಗೆ ಅಕ್ಕ ಮನೆಯಲ್ಲಿದ್ದಾಳೆಂದರೆ ಒಂದೋ ಗಡಿಯಾರ ಕೆಟ್ಟಿರಬೇಕು, ಇಲ್ಲವೇ ಲೋಕ ಕೆಟ್ಟಿರಬೇಕು.

"ಬಂದ್ಯಾ? ಈ ಸಲ ಯಾರ ಜೊತೆ ಜಗಳ?" ಎಂದಳು.

"ನನ್ನ ವಿಷಯ ಆಮೇಲೆ. ನೀನ್ಯಾಕೆ ಮನೇಲಿದ್ದೀಯ?"

"ಕೆಲಸ ಮುಗೀತು."

"ನಿಘಂಟು ಮುಗೀತಾ?"

"ನಿಘಂಟಿಗೆ ನನ್ನಿಂದ ಆಗಬೇಕಾಗಿದ್ದ ಕೆಲಸ ಮುಗೀತು," ಎಂದು ಹೇಳಿ ನನ್ನ ಪೆಟ್ಟಿಗೆಯನ್ನು ತಾನೇ ಎತ್ತಿ ಒಳಗಿಟ್ಟಳು. ಅದನ್ನು ಮೂಲೆಗೆ ಇಟ್ಟ ಸದ್ದಿನಲ್ಲೇ ಉಳಿದ ಸಂಗತಿ ಅರ್ಧದಷ್ಟು ತಿಳಿದುಹೋಯಿತು.

ಅಕ್ಕ ಹತ್ತೊಂಬತ್ತು ವರ್ಷ ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ ಚೀಟಿ ಬರೆದವಳು. ಒಂದು ಪದಕ್ಕೆ ಒಂದು ಚೀಟಿ. ತುದಿಯಲ್ಲಿ ಇಂಗ್ಲಿಷ್ ಪದ, ಅದರ ಕೆಳಗೆ ಅರ್ಥ, ಅರ್ಥದ ಕೆಳಗೆ ಉದಾಹರಣೆಗೊಂದು ವಾಕ್ಯ. ಕಟ್ಟಕಡೆಗೆ 'ಇದನ್ನೂ ನೋಡಿ' ಎಂದು ಬರೆದು, ನಂಟಿರುವ ಇನ್ನೊಂದು ಪದ. ಹೀಗೆ ನಲವತ್ತೊಂದು ಸಾವಿರ ಚೀಟಿಗಳು ಅವಳ ಹಸಿರು ಶಾಯಿಯಲ್ಲಿ ಹುಟ್ಟಿ, ಗೋಡೆಯುದ್ದದ ಮರದ ಖಾನೆಗಳಲ್ಲಿ ಸಾಲಾಗಿ ನಿಂತಿದ್ದವು. ಆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಅವಳ ಎಡಗಣ್ಣಿಗೆ ಮಂಜು ಕವಿದಿತ್ತು.

ಅವಳೆದುರಿನ ದೊಡ್ಡ ಮೇಜು ಪ್ರಧಾನ ಸಂಪಾದಕರದು. ಅವರು ಆ ಹತ್ತೊಂಬತ್ತು ವರ್ಷವೂ ಮುನ್ನುಡಿಯೊಂದನ್ನೇ ಬರೆಯುತ್ತಿದ್ದರು. ಆದ್ದರಿಂದ ಬೆನ್ನ ಹಿಂದೆ ಎಲ್ಲರಿಗೂ ಅವರು ಮುನ್ನುಡಿ ಸಾಹೇಬರು.

ಅಕ್ಕ ಕಪಾಟಿನಿಂದ ಎರಡು ಕರಡು ಹಾಳೆಗಳನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು. ದಾನಿಗಳಿಗೆ ತೋರಿಸಲೆಂದು ಪುಸ್ತಕದ ಮೊದಲ ಪುಟಗಳನ್ನು ಮುಂಚಿತವಾಗಿಯೇ ಅಚ್ಚಿಗೆ ಜೋಡಿಸಿದ್ದರು. ಹೆಸರಿನ ಪುಟದಲ್ಲಿ ಮುನ್ನುಡಿ ಸಾಹೇಬರ ಹೆಸರು ಹೆಬ್ಬೆರಳು ಗಾತ್ರದಲ್ಲಿತ್ತು. ಅದರಡಿಯಲ್ಲಿ ಒಮ್ಮೆಯೂ ಕಚೇರಿಯ ಮೆಟ್ಟಿಲು ಹತ್ತದ ಸಲಹೆಗಾರರು ಒಂಬತ್ತು ಮಂದಿ. ಎರಡನೆಯ ಹಾಳೆಯಲ್ಲಿ ಕೃತಜ್ಞತೆ: ಕಾಗದ ಕೊಟ್ಟವರಿಗೆ, ಕುರ್ಚಿ ಕೊಟ್ಟವರಿಗೆ, ಫ್ಯಾನು ರಿಪೇರಿ ಮಾಡಿಕೊಟ್ಟ ಅಂಗಡಿಯವರಿಗೆ, ಮುಂತಾದವರಿಗೆ.

"ನೀನೆಲ್ಲಿ?" ಎಂದೆ.

ಅಕ್ಕ ಬೆರಳು ಮುಂದೆ ಮಾಡಿ 'ಮುಂತಾದವರಿಗೆ' ಎಂಬ ಪದವನ್ನು ಮುಟ್ಟಿ ತೋರಿಸಿದಳು. "ಇಲ್ಲಿದ್ದೀನಿ. ಫ್ಯಾನಿನ ಪಕ್ಕದಲ್ಲೇ, ತಂಪಾಗಿ."

ಅವಳು ಕೇಳದೆ ಇರಲಿಲ್ಲ. ಮೊದಲ ಪುಟದಲ್ಲಿ ತನ್ನ ಹೆಸರೂ ಬರಬೇಕೆಂದು ಬಾಯಿಬಿಟ್ಟು ಕೇಳಿದ್ದಳು. "ಕೊನೇಲಿ ನೋಡೋಣಮ್ಮ," ಎಂದರಂತೆ ಸಾಹೇಬರು. ಕೊನೆಯ ಚೀಟಿಯನ್ನು ಮೇಜಿನ ಮೇಲಿಟ್ಟ ದಿನ ಮತ್ತೆ ಕೇಳಿದಳು. "ಚೀಟಿ ಕೆಲಸ ಮುಗೀತಲ್ಲಮ್ಮ, ನಾಳೆಯಿಂದ ಬರೋದು ಬೇಡ," ಎಂದರಂತೆ, ತಲೆ ಎತ್ತದೆ.

ನನ್ನ ಓದೆಲ್ಲ ಅಗ್ಗದ ಪತ್ತೇದಾರಿ ಕಾದಂಬರಿಗಳದು. ಸೇಡೆಂದರೆ ನನ್ನ ಕಣ್ಣಿಗೆ ಕತ್ತಿ, ವಿಷ, ಬೆಂಕಿ ಮಾತ್ರ ಕಾಣುತ್ತಿದ್ದವು. ಆದರೆ ಕೈಯಲ್ಲಿದ್ದ ಕಸುಬು ಕರಡು ತಿದ್ದುವುದು. ಎರಡನ್ನೂ ಕೂಡಿಸಿ ಒಂದು ಉಪಾಯ ಹೇಳಿದೆ: "ಅವರಿಗೆ ಕರಡು ನೋಡೋರು ಬೇಕಾಗಿರ್ತಾರೆ. ನಾನು ಸೇರ್ಕೋತೀನಿ. ಅರ್ಥಗಳನ್ನೆಲ್ಲ ಅದಲು ಬದಲು ಮಾಡಿಬಿಡ್ತೀನಿ. ಹಾರ್ಸ್ ಅಂತ ಹುಡುಕಿದ್ರೆ ಕೊಡೆ ಅಂತ ಬರಲಿ. ನಿಘಂಟಿನ ಜೊತೆ ಅವನ ಮಾನವೂ ಹೋಗಲಿ."

"ಅರ್ಥಕ್ಕೆ ಕೈ ಹಚ್ಚಿದ್ರೆ ಕೈ ಮುರೀತೀನಿ," ಎಂದಳು ಅಕ್ಕ. ದನಿಯನ್ನು ಏರಿಸಲಿಲ್ಲ. "ಓದೋ ಮಕ್ಕಳು ನಂಬಿ ತೆಗೆಯೋ ಪುಸ್ತಕ ಕಣೋ ಅದು. ಅದರಲ್ಲಿ ಒಂದು ಅರ್ಥ ತಪ್ಪಿದ್ರೂ ತಪ್ಪು ನಂದೇ."

ಅಕ್ಕ ಬಹಳ ಹೊತ್ತು ಆ 'ಮುಂತಾದವರಿಗೆ'ಯನ್ನೇ ನೋಡುತ್ತ ಕುಳಿತಿದ್ದಳು. ಆಮೇಲೆ, ಚೀಟಿಗೆ ತಕ್ಕ ಪದ ಸಿಕ್ಕಾಗ ಮಾಡುತ್ತಿದ್ದಂತೆ, ಒಮ್ಮೆ ಮೂಗು ಸವರಿಕೊಂಡಳು.

"ಉದಾಹರಣೆಯ ಮಾತು ಬೇರೆ," ಎಂದಳು. "ಅರ್ಥ ಸರಿಯಾಗಿರಬೇಕು. ಉದಾಹರಣೆ ನಿಜವಾಗಿದ್ದರೆ ಸಾಕು."

*

ಕಚೇರಿ ಮೂರನೆಯ ಮಹಡಿಯಲ್ಲಿತ್ತು, ಅಚ್ಚಿನ ಯಂತ್ರ ನೆಲಮಹಡಿಯಲ್ಲಿ. ಅಕ್ಕನದೂ ನನ್ನದೂ ಒಂದೇ ಅಚ್ಚಿನ ಮುಖ: ಅದೇ ಮೂಗು, ಅದೇ ಗದ್ದ, ಎಡಹುಬ್ಬಿನ ಮೇಲಿನ ಅದೇ ಸುಳಿ. ಹತ್ತೊಂಬತ್ತು ವರ್ಷ ಆ ಮುಖದೆದುರು ಕುಳಿತಿದ್ದ ಮುನ್ನುಡಿ ಸಾಹೇಬರು, ಕರಡು ನೋಡುವ ಕೆಲಸ ಕೇಳಿ ಹೋದ ನನ್ನನ್ನು ಮೂರಡಿ ದೂರದಿಂದ ನೋಡಿ ಕೇಳಿದ್ದು ಒಂದೇ ಮಾತು.

"ಕಣ್ಣು ಚೆನ್ನಾಗಿದೆಯೇನ್ರೀ?"

"ಚೆನ್ನಾಗಿದೆ ಸರ್."

"ಹಾಗಾದ್ರೆ ನಾನು ನಿಶ್ಚಿಂತೆ," ಎಂದು ಮುನ್ನುಡಿಗೆ ಮರಳಿದರು.

ಅಲ್ಲಿ ಒಂದು ಕಟ್ಟಳೆ ಇತ್ತು. ಪ್ರತಿ ಪುಟದ ಕರಡೂ ಸಾಹೇಬರ ಮೇಜಿಗೆ ಮೂರು ಸಲ ಹೋಗಬೇಕು. ಮೂರು ಸಲವೂ ಅವರು ಕೆಂಪು ಶಾಯಿಯಲ್ಲಿ 'ನೋಡಿದೆ' ಎಂದು ಬರೆದು ಸಹಿ ಮಾಡಬೇಕು. ಮೂರನೆಯ 'ನೋಡಿದೆ' ಬೀಳದೆ ಯಾವ ಪುಟವೂ ಅಚ್ಚಿಗೆ ಹೋಗುವಂತಿರಲಿಲ್ಲ. ಕಟ್ಟಳೆ ಮಾಡಿದವರು ಅವರೇ. ಪಾಲಿಸುತ್ತಿದ್ದ ರೀತಿ ಮಾತ್ರ ಬೇರೆ: ಪುಟದ ನೆತ್ತಿಯಲ್ಲಿರುವ ಮೊದಲ ಪದ ನೋಡುವರು, ಅಡಿಯಲ್ಲಿರುವ ಪುಟಸಂಖ್ಯೆ ನೋಡುವರು, ನಡುವೆ ಇರುವುದೆಲ್ಲ ಇದ್ದೇ ಇರುತ್ತದೆಂದು ನಂಬಿ ಬಾಲ ಉದ್ದವಾದ ಸಹಿಯೊಂದನ್ನು ಎಳೆಯುವರು.

ಅಕ್ಕ ಇದನ್ನು ಬಲ್ಲವಳು. ಆದರೂ ನನ್ನಿಂದ ಒಂದು ಮಾತು ತೆಗೆದುಕೊಂಡಳು. "ಮೂರು ಸಲವೂ ಅವನ ಕೈಯಲ್ಲೇ ಕೊಡಬೇಕು. ಮುಚ್ಚಿಡೋ ಹಾಗಿಲ್ಲ, ಅವನು ಊಟಕ್ಕೆ ಹೊರಟಾಗ ತುರುಕೋ ಹಾಗಿಲ್ಲ. ಒಂದೇ ಒಂದು ವಾಕ್ಯ ಓದಿ, 'ಇವಳು ಯಾರು' ಅಂತ ಒಂದು ಸಲ ಕೇಳಿದ್ರೂ ಸಾಕು, ಎಲ್ಲಾ ತೆಗೆದುಬಿಡು. ನನ್ನ ಹೆಸರೂ ಬೇಡ."

"ಅಷ್ಟು ಅಗ್ಗಕ್ಕೆ ಬಿಡ್ತೀಯಾ?"

"ಅವನು ಓದಲ್ಲ ಕಣೋ," ಎಂದು ನಕ್ಕಳು. ಅವಳ ಆ ನಗುವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಿಘಂಟಿನಲ್ಲಿ ಕಾಲ ಅಕ್ಷರಗಳ ಕ್ರಮದಲ್ಲಿ ಸರಿಯುತ್ತದೆ. ಎ, ಬಿ, ಸಿಗಳನ್ನು ನಾನು ಪ್ರಾಮಾಣಿಕವಾಗಿ ತಿದ್ದಿದೆ. ಡಿ ಬಂತು. ಡಿಸ್‌ರಿಗಾರ್ಡ್ ಎಂಬ ಪದಕ್ಕೆ ಅಕ್ಕ ಬರೆದಿದ್ದ ಅರ್ಥವನ್ನು ಹಾಗೆಯೇ ಉಳಿಸಿ, ಉದಾಹರಣೆಯನ್ನು ಮಾತ್ರ ಬದಲಿಸಿದೆ: 'ಮೊದಲ ಪುಟದಲ್ಲಿ ತನ್ನ ಹೆಸರೂ ಇರಲಿ ಎಂದು ಅವಳು ಕೇಳಿದ ಮಾತನ್ನು ಸಂಪಾದಕರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.' ಅದರ ಕೆಳಗೆ ಅಕ್ಕನ ಹಳೆಯ ಸೂಚನೆ: ಇದನ್ನೂ ನೋಡಿ, ಫರ್ಗೆಟ್.

ಇಂಥ ಪದಗಳು ಅಕ್ಕನ ಲೆಕ್ಕದಲ್ಲಿ ಹನ್ನೆರಡು. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಭೂತಗನ್ನಡಿ ಹಿಡಿದು ಅವಳು ಅವುಗಳನ್ನು ಒಂದೊಂದಾಗಿ ಬಿಡಿಸಿ ಹೇಳುವಳು, ಕಾಯಿಪಲ್ಲೆ ಆರಿಸುವವಳ ಹಾಗೆ. ಕಂಡಿತು, ಆದರೂ ಕಾಣಲಿಲ್ಲವೆಂಬಂತೆ ಇದ್ದುಬಿಟ್ಟರೆ ಅದು ಇಗ್ನೋರ್. ನೋಡಿಕೊಳ್ಳಬೇಕಾದ್ದು ತನ್ನ ಕರ್ತವ್ಯವಾಗಿದ್ದೂ ನೋಡಿಕೊಳ್ಳದಿದ್ದರೆ ನೆಗ್ಲೆಕ್ಟ್. ಮುಂದಿನ ಹೆಜ್ಜೆಗೆ ಅರ್ಹಳಾದವಳನ್ನು ದಾಟಿ ಇನ್ನೊಬ್ಬರನ್ನು ಕರೆದರೆ ಪಾಸ್ ಓವರ್. ಎದುರಿನವಳ ಮನಸ್ಸಿಗೆ ತಾಗಲೆಂದೇ ಮಾಡಿದರೆ ಸ್ಲೈಟ್. "ಎಲ್ಲಾ ಒಂದೇ ಅಲ್ವಾ?" ಎಂದೆ ಒಮ್ಮೆ. "ಪೆಟ್ಟು ತಿಂದೋಳಿಗೆ ಎಲ್ಲಾ ಒಂದೇ ಅನಿಸತ್ತೆ," ಎಂದಳು. "ಹೊಡೆದೋನಿಗೆ ಮಾತ್ರ ಗೊತ್ತಿರತ್ತೆ ಯಾವುದು ಅಂತ. ಅದಕ್ಕೇ ಇಷ್ಟೊಂದು ಪದ."

ನೆಲಮಹಡಿಯಲ್ಲಿ ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಆಯ್ದು ಜೋಡಿಸುತ್ತಿದ್ದ ಮುದುಕನನ್ನು ಎಲ್ಲರೂ ಮೊಳೆಮಾವ ಎನ್ನುತ್ತಿದ್ದರು. ಹೆಸರಿನ ಪುಟದ ಕರಡನ್ನು ಗುಟ್ಟಾಗಿ ಅಕ್ಕನಿಗೆ ತಲುಪಿಸಿದವನೂ ಅವನೇ. ಫರ್ಗೆಟ್ ಪದದ ಹೊಸ ವಾಕ್ಯ ಅವನ ಕೈಗೆ ಹೋಯಿತು: 'ಹತ್ತೊಂಬತ್ತು ವರ್ಷ ಎದುರು ಕುಳಿತವಳ ಹೆಸರನ್ನು ಅವರು ಮರೆತರು, ಕುರ್ಚಿ ಕೊಟ್ಟವರ ಹೆಸರನ್ನು ಮರೆಯಲಿಲ್ಲ.' ಅವನು ಅಕ್ಷರ ಜೋಡಿಸುವುದನ್ನು ನಿಲ್ಲಿಸಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ.

"ಏನಳಿಯಾ, ಇದು ಯಾವ ಪುರಾಣ?"

"ಉದಾಹರಣೆ ಮಾವ."

"ಹೂಂ. ನಾನು ಜೋಡಿಸೋನಪ್ಪ, ಓದೋನಲ್ಲ," ಎಂದು ಮುಂದಿನ ಮೊಳೆ ಎತ್ತಿಕೊಂಡ. ಅವನ ಮೀಸೆಯ ತುದಿ ಮಾತ್ರ ಅದುರುತ್ತಿತ್ತು.

ಒಮ್ಮೆ ನಾವು ಸಿಕ್ಕಿಬಿದ್ದೆವೆಂದೇ ತಿಳಿದಿದ್ದೆ. ಇಗ್ನೋರ್ ಇದ್ದ ಪುಟದ ಎರಡನೆಯ ಕರಡು. ವಾಕ್ಯ ಹೀಗಿತ್ತು: 'ಮೆಟ್ಟಿಲ ಮೇಲೆ ಎದುರಾದಾಗ ಸಂಪಾದಕರು ಅವಳನ್ನು ಕಂಡೂ ಕಾಣದವರಂತೆ ಹಾದುಹೋದರು.' ಸಾಹೇಬರ ಲೇಖನಿ ಕೆಳಗಿಳಿಯಿತು, ತಡೆಯಿತು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಹಾಳೆಯನ್ನು ಮುಖದ ಹತ್ತಿರ ತಂದರು. ಅಕ್ಕನಿಗೆ ಕೊಟ್ಟ ಮಾತು ನೆನಪಾಯಿತು. ಆರು ತಿಂಗಳ ಕೆಲಸ ಈಗ ಒಂದು ಪ್ರಶ್ನೆಯ ತುದಿಯಲ್ಲಿ ನಿಂತಿತ್ತು.

"ಇದೇನ್ರೀ ಇದು?"

"ಯಾವುದು ಸರ್?"

"ಎಡಗಡೆ ಅಂಚು. ಇಷ್ಟು ಕಮ್ಮಿ ಬಿಟ್ಟರೆ ಹೊಲಿಗೆಗೆ ಎಲ್ಲಿ ಜಾಗ? ಅರ್ಧ ಬೆರಳು ಸರಿಸೋಕೆ ಹೇಳಿ. ನಾನು ನೋಡದೇ ಇದ್ದಿದ್ರೆ ಏನ್ರೀ ಗತಿ?"

"ನೀವಿಲ್ಲದಿದ್ರೆ ಆಗ್ತಾನೇ ಇರ್ಲಿಲ್ಲ ಸರ್," ಎಂದೆ. ಆ ಮಾತಿನಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಅವರು 'ನೋಡಿದೆ' ಎಂದು ಬರೆದು ಬಾಲ ಎಳೆದರು.

ಸಂಜೆ ಅಕ್ಕ ಎಂದಿನಂತೆ ಕೇಳಿದಳು, "ನೋಡಿದ್ನಾ?"

"'ನೋಡಿದೆ' ಅಂತ ಬರೆದ."

"ಜೋಪಾನವಾಗಿ ಎತ್ತಿಡು."

ಸಹಿ ಬಿದ್ದ ಕರಡುಗಳನ್ನು ನಾನು ಕಚೇರಿಯ ಕಡತದಲ್ಲಿಯೇ, ಇರಬೇಕಾದ ಜಾಗದಲ್ಲಿಯೇ ಇಟ್ಟೆ. ಬಚ್ಚಿಡುವ ಕೆಲಸ ನಮ್ಮದಾಗಿರಲಿಲ್ಲ.

ಎಂ ಬಂತು, ಎನ್ ಬಂತು. ಮಿಸ್: 'ನಲವತ್ತೊಂದು ಸಾವಿರ ಚೀಟಿಗಳಲ್ಲಿ ಅವಳಿಂದ ಒಂದು ಪದವೂ ತಪ್ಪಿಹೋಗಲಿಲ್ಲ.' ನೆಗ್ಲೆಕ್ಟ್ ಎಂಬುದಕ್ಕೆ ಅಕ್ಕ ತನ್ನನ್ನೇ ಎಳೆದು ತಂದಳು: 'ಮಂಜಾಗುತ್ತಿದ್ದ ತನ್ನ ಕಣ್ಣನ್ನು ಕಡೆಗಣಿಸಿ ಅವಳು ಈ ನಿಘಂಟನ್ನು ಬರೆದಳು.' ಸತ್ಯದ ವಿಷಯದಲ್ಲಿ ಅವಳು ತನಗೂ ರಿಯಾಯಿತಿ ಕೊಡಲಿಲ್ಲ.

ಓ ಅಕ್ಷರದಲ್ಲಿ ಎರಡು ಪದಗಳಿದ್ದವು. ಮೊದಲನೆಯದು ಒಮಿಟ್. ಅದರ ಉದಾಹರಣೆಯಲ್ಲಿ, ಹೆಸರಿನ ಪುಟದಿಂದ ಕೈಬಿಟ್ಟ ಹೆಸರು ಇದು ಎಂದು ಬರೆದು, ಮುಂದೆ ಅಕ್ಕನ ಹೆಸರನ್ನು ಅಪ್ಪನ ಹೆಸರಿನ ಮೊದಲಕ್ಷರದ ಸಮೇತ ಪೂರ್ತಿಯಾಗಿ ಕೊಟ್ಟೆವು. ಆ ದಿನ ಮೊಳೆಮಾವ ಬೀಗ ಹಾಕಿದ್ದ ಪೆಟ್ಟಿಗೆ ತೆರೆದು ಇನ್ನೂ ಶಾಯಿ ಕಾಣದ ಮೊಳೆಗಳನ್ನು ತೆಗೆದ. "ಸವೆದ ಅಕ್ಷರದಲ್ಲಿ ಆ ಹೆಸರು ಬೇಡ ಅಳಿಯಾ," ಎಂದ. ಓದದವನು ಎಷ್ಟು ಚೆನ್ನಾಗಿ ಓದಿಕೊಂಡಿದ್ದನೆಂದರೆ, ಆ ಒಂದು ಸಾಲು ಪುಟದಲ್ಲಿ ಬೇರೆಲ್ಲ ಸಾಲುಗಳಿಗಿಂತ ಕಪ್ಪಾಗಿ ನಿಂತಿತು. ಸಾಹೇಬರು ಮೂರು ಸಲ 'ನೋಡಿದೆ' ಎಂದರು.

ಎರಡನೆಯದು ಓವರ್‌ಲುಕ್. ನಾನು ಹುರುಪಿನಿಂದ ವಾಕ್ಯವೊಂದನ್ನು ಬರೆದುಕೊಂಡೇ ಮನೆಗೆ ಹೋದೆ. ಅಕ್ಕ ಓದಿ, ಮಡಿಸಿ, ಒಲೆಗೆ ಹಾಕಿದಳು.

"ಇದೊಂದು ಪದಕ್ಕೆ ಮೊದಲಿದ್ದ ಉದಾಹರಣೆಯೇ ಇರಲಿ."

ಮೊದಲಿದ್ದದ್ದು ಯಾವನೋ ಒಬ್ಬ ಅವಸರದಲ್ಲಿ ಅಲ್ಪವಿರಾಮವೊಂದನ್ನು ಗಮನಿಸದೆ ಹೋದ ಸಪ್ಪೆ ವಾಕ್ಯ. "ಯಾಕಕ್ಕಾ? ಇದೇ ಎಲ್ಲಕ್ಕಿಂತ ದೊಡ್ಡ ಪದ."

"ಕಣ್ಣು ತಪ್ಪಿ ಆಗೋದು ಕಣೋ ಇದು. ಮನಸ್ಸಿನಲ್ಲಿ ಕೆಟ್ಟದ್ದು ಇರಲ್ಲ. ಇದಕ್ಕೆ ಕ್ಷಮೆ ಇದೆ." ಭೂತಗನ್ನಡಿಯನ್ನು ಮಡಿಲಿಗಿಳಿಸಿದಳು. "ಎಲ್ಲಾ ಪದಾನೂ ಅವನಿಗೆ ಕೊಡ್ತೀನಿ. ಇದನ್ನ ಕೊಡಲ್ಲ."

ಹೀಗೆ ಹನ್ನೆರಡರಲ್ಲಿ ಹನ್ನೊಂದು ವಾಕ್ಯಗಳಾದವು. ಕಡೆಯದು ಅನ್‌ನೋಟಿಸ್ಡ್: 'ಈ ಹನ್ನೊಂದು ವಾಕ್ಯಗಳು ಸಂಪಾದಕರ ಮೇಜನ್ನು ಮೂರು ಮೂರು ಸಲ ದಾಟಿದರೂ ಅವರ ಗಮನಕ್ಕೆ ಬರಲಿಲ್ಲ.' ಅದನ್ನು ಅವರ ಕೈಗೆ ಕೊಡುವಾಗ ನನಗೆ ನಿಜಕ್ಕೂ ಕನಿಕರವಾಯಿತು. ಸಹಿಯ ಬಾಲ ಆ ವಾಕ್ಯದ ಮೇಲೆಯೇ ಹಾದುಹೋದದ್ದನ್ನು ಕಂಡು ಕನಿಕರ ಹಾರಿಹೋಯಿತು.

*

ಪುಸ್ತಕ ಬಂತು. ಭಾಷಣಗಳಾದವು. ಮುನ್ನುಡಿ ಸಾಹೇಬರಿಗೆ ಶಾಲು ಹೊದಿಸಿದರು. ಅಕ್ಕನಿಗೆ ಕರೆಯೋಲೆ ಬರಲಿಲ್ಲ.

ಮೂರು ವಾರ ಏನೂ ಆಗಲಿಲ್ಲ. ನಿಘಂಟನ್ನು ಕೊಂಡವರು ಅದನ್ನು ಓದುತ್ತಾರೆಂದು ನಾನು ಯಾಕೆ ನಂಬಿದ್ದೆನೋ ಎಂದು ಹಲುಬತೊಡಗಿದೆ. ಅಕ್ಕ ಮಾತ್ರ ನಿಶ್ಚಿಂತೆಯಿಂದ ಬಟ್ಟೆ ಒಗೆಯುತ್ತಿದ್ದಳು. "ಒಬ್ಬರು ಒಂದು ಪದ ಹುಡುಕಲಿ ಸಾಕು. ಉಳಿದದ್ದನ್ನ 'ಇದನ್ನೂ ನೋಡಿ' ನೋಡ್ಕೊಳ್ಳತ್ತೆ."

ಹುಡುಕಿದವರು ನಿಘಂಟು ಕಚೇರಿಯ ಆಡಳಿತ ಮಂಡಳಿಯ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರ ಬೀದಿಗೆ ಎಂಟು ದಿನ ನಲ್ಲಿ ನೀರು ಬಂದಿರಲಿಲ್ಲ. ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ಖಾರವಾಗಿ ದೂರು ಬರೆಯಲು ಕುಳಿತು ನೆಗ್ಲೆಕ್ಟ್ ಪದವನ್ನು ತೆಗೆದರು. ಮಂಜಾದ ಕಣ್ಣಿನ ವಾಕ್ಯ ಓದಿ ಹುಬ್ಬು ಗಂಟಿಕ್ಕಿದರು. ಕೆಳಗೆ 'ಇದನ್ನೂ ನೋಡಿ, ಒಮಿಟ್' ಎಂದಿತ್ತು, ನೋಡಿದರು. ಅಲ್ಲಿ ಹೆಸರಿತ್ತು. ಮತ್ತೆ ಇದನ್ನೂ ನೋಡಿ, ಮತ್ತೆ ಇದನ್ನೂ ನೋಡಿ. ಯು ಅಕ್ಷರದವರೆಗೆ ಹೋಗಿ, ಅಲ್ಲಿಂದ ಡಿ ಅಕ್ಷರಕ್ಕೆ ಮರಳಿ, ಸುತ್ತು ಮುಗಿಸುವಷ್ಟರಲ್ಲಿ ದೂರಿನ ಕಾಗದ ಹಾಗೆಯೇ ಉಳಿಯಿತಂತೆ.

ಮರುದಿನ ಕಚೇರಿಯಲ್ಲಿ ಅವರು ಒಂದು ಕಡೆ, ಸಾಹೇಬರು ಇನ್ನೊಂದು ಕಡೆ. ನಡುವೆ ನಾನು ನಿಂತಿದ್ದೆ.

"ಇದು ಇವನ ಕಿತಾಪತಿ ಮೇಡಂ!" ಸಾಹೇಬರು ನನ್ನತ್ತ ಬೆರಳು ಮಾಡಿದರು. "ನನಗೆ ಗೊತ್ತಿಲ್ಲದೆ ತುರುಕಿದ್ದಾನೆ!"

ನಾನು ಕಡತ ತಂದು ಮೇಜಿನ ಮೇಲೆ ಬಿಚ್ಚಿದೆ. ಹನ್ನೊಂದು ಪುಟ, ಮೂವತ್ತಮೂರು ಹಾಳೆ, ಮೂವತ್ತಮೂರು ಕೆಂಪು 'ನೋಡಿದೆ'.

ಅಧ್ಯಕ್ಷೆ ಒಂದೊಂದನ್ನೇ ಮಗುಚಿದರು. ಮಕ್ಕಳ ಕಾಪಿಪುಸ್ತಕ ತಿದ್ದಿದ ಕೈ, ಅವಸರವಿರಲಿಲ್ಲ. "ಒಂದೇ ಪ್ರಶ್ನೆ ಕೇಳ್ತೀನಿ. ನೋಡಿ ಸಹಿ ಮಾಡಿದ್ರಾ, ನೋಡದೇ ಸಹಿ ಮಾಡಿದ್ರಾ?"

ನೋಡಿದ್ದೆನೆಂದರೆ ವಾಕ್ಯಗಳಿಗೆಲ್ಲ ಅವರ ಒಪ್ಪಿಗೆ ಇತ್ತೆಂದಾಯಿತು. ನೋಡಲಿಲ್ಲವೆಂದರೆ ಪ್ರಧಾನ ಸಂಪಾದಕರು ತಮ್ಮ ನಿಘಂಟನ್ನು ಓದಿಯೇ ಇಲ್ಲವೆಂದಾಯಿತು. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಕೊನೆಗೆ, "ತಪ್ಪೊಪ್ಪುಗಳ ಚೀಟಿಯೊಂದನ್ನ ಅಂಟಿಸಿಬಿಡೋಣ ಮೇಡಂ," ಎಂದರು.

"ಆಗ್ಲಿ ಸರ್," ಎಂದೆ. "ತಪ್ಪು ಅನ್ನೋ ಕಡೆ ಆ ಹನ್ನೊಂದು ವಾಕ್ಯಾನೂ ಸಾಲಾಗಿ ಅಚ್ಚಾಗಬೇಕಾಗತ್ತೆ. ಒಂದೇ ಹಾಳೇಲಿ. ಎಲ್ಲ ಪ್ರತಿಗೂ."

ಅಧ್ಯಕ್ಷೆ ನಗಲಿಲ್ಲ, ನಗು ತಡೆಯಲು ನೀರು ಕುಡಿದರು. ಆಮೇಲೆ ತೀರ್ಮಾನ ಹೇಳಿದರು. ಹಳೆಯ ಹೆಸರಿನ ಪುಟವನ್ನು ಕತ್ತರಿಸಿ, ಅಕ್ಕನ ಹೆಸರು ಮೊದಲಿರುವ ಹೊಸ ಪುಟವನ್ನು ಅಂಟಿಸತಕ್ಕದ್ದು. ಮುನ್ನುಡಿಯ ಕೊನೆಗೆ ಸಾಹೇಬರು ತಮ್ಮ ಕೈಯಿಂದ ಒಂದು ವಾಕ್ಯ ಸೇರಿಸತಕ್ಕದ್ದು. ಆ ವಾಕ್ಯವನ್ನು ಅಕ್ಕ ಒಪ್ಪತಕ್ಕದ್ದು. ಒಪ್ಪದಿದ್ದರೆ ಸಾಹೇಬರು ಕೇಳಿದ ಚೀಟಿಯೇ ಆಗಲಿ, ಸಹಿಗಳ ಸಮೇತ.

ನನ್ನ ಕಡೆ ತಿರುಗಿ, "ನಿನ್ನ ಕೆಲಸ ಇವತ್ತಿಗೆ ಮುಗೀತಪ್ಪ," ಎಂದರು. ಅದು ನನಗೆ ರೂಢಿ.

*

ಸಾಹೇಬರು ಮನೆಗೆ ಬಂದಾಗ ಅಕ್ಕ ಕಿಟಕಿಯ ಬಳಿ ಕುಳಿತಿದ್ದಳು. ಅಕ್ಕಪಕ್ಕ ಇದ್ದ ನಮ್ಮಿಬ್ಬರ ಮುಖಗಳನ್ನು ಅವರು ಆಗ ಮೊದಲ ಸಲ ನೋಡಿದರು. ಅತ್ತಿಂದಿತ್ತ ಎರಡು ಸಲ ನೋಡಿದರು.

"ನಿಮ್ಮನೆ ಕಚೇರಿಗೆ ಇಷ್ಟು ಹತ್ರ ಅಂತ ಗೊತ್ತೇ ಇರಲಿಲ್ಲಮ್ಮ," ಎಂದರು.

"ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದೆ ಸರ್. ಕೂತ್ಕೊಳ್ಳಿ."

ಅವರು ಜೇಬಿನಿಂದ ಹಾಳೆ ತೆಗೆದು ಕೊಟ್ಟರು. ಅಕ್ಕ ಭೂತಗನ್ನಡಿ ಹಿಡಿದು ಗಟ್ಟಿಯಾಗಿ ಓದಿದಳು: "'ಈ ನಿಘಂಟಿನ ಎಲ್ಲ ಚೀಟಿಗಳನ್ನು ಬರೆದವರ ಹೆಸರು ಮೊದಲ ಮುದ್ರಣದಲ್ಲಿ ಕಣ್ತಪ್ಪಿನಿಂದ ಬಿಟ್ಟುಹೋಗಿತ್ತು.'" ಹಸಿರು ಲೇಖನಿ ತೆಗೆದು 'ಕಣ್ತಪ್ಪಿನಿಂದ' ಎಂಬುದಕ್ಕೆ ಅಡ್ಡಗೆರೆ ಎಳೆದಳು. "ಇದು ಓವರ್‌ಲುಕ್ ಸರ್. ಅದು ನಿಮ್ಮದಲ್ಲ. ಬೇರೆ ನೋಡಿ."

ಅವರು ಅಲ್ಲಿಯೇ, ಅಡುಗೆಮನೆಯ ಮೇಜಿನ ಮೇಲೆ, ಮತ್ತೆ ಬರೆದರು. ಈ ಸಲ 'ಮರೆವಿನಿಂದ' ಎಂದಿತ್ತು.

"ಮರೆತಿರಲಿಲ್ಲವಲ್ಲ ಸರ್. ಕೇಳಿದ್ದೆ. ಎರಡು ಸಲ."

"ಕೆಲಸದ ಗಡಿಬಿಡಿ ಇತ್ತಮ್ಮ... ನೀವೂ ಕಂಡಿದ್ದೀರಿ..."

"ಕಂಡಿದ್ದೀನಿ. ಅದಕ್ಕೇ ಹೇಳ್ತಿರೋದು." ಅಡ್ಡಗೆರೆ ಬಿತ್ತು.

ಮೂರನೆಯ ಸಲ ಅವರು ಬಹಳ ಹೊತ್ತು ತೆಗೆದುಕೊಂಡರು. ಹತ್ತೊಂಬತ್ತು ವರ್ಷದ ಮುನ್ನುಡಿಯಲ್ಲಿ ಯಾವ ವಾಕ್ಯಕ್ಕೂ ಅಷ್ಟು ಬೆವರಿರಲಾರರು. ಹಾಳೆ ಸರಿಸಿದಾಗ ಅದರಲ್ಲಿ, 'ಈ ನಿಘಂಟನ್ನು ಬರೆದವರನ್ನು ನಾನು ಕಂಡೂ ಕಡೆಗಣಿಸಿದೆ,' ಎಂದಿತ್ತು. ಮುಂದೆ ಅಕ್ಕನ ಹೆಸರು, ಅಪ್ಪನ ಹೆಸರಿನ ಮೊದಲಕ್ಷರದ ಸಮೇತ. ಅದನ್ನು ಅವರು ಯಾರನ್ನೂ ಕೇಳದೆ ಬರೆದಿದ್ದರು. ಕೊನೆಗೆ ಬಾಲ ಉದ್ದವಾದ ಅವರ ಸಹಿ.

ಅಕ್ಕ ಎರಡು ಸಲ ಓದಿದಳು. ಅಡಿಯಲ್ಲಿ ಹಸಿರು ಶಾಯಿಯಲ್ಲಿ 'ನೋಡಿದೆ' ಎಂದು ಬರೆದು ಸಹಿ ಹಾಕಿದಳು.

ಸಾಹೇಬರು ಹಾಳೆ ಮಡಿಸುತ್ತ, "ಆ ಹನ್ನೊಂದು ಉದಾಹರಣೆ, ಮುಂದಿನ ಮುದ್ರಣಕ್ಕಾದರೂ..." ಎಂದರು.

"ಅರ್ಥ ಸರಿಯಿದೆಯಾ ಸರ್?"

"ಇದೆ."

"ಉದಾಹರಣೆ ಸುಳ್ಳಾ?"

ಅವರು ಹಾಳೆಯನ್ನು ಜೇಬಿಗಿಟ್ಟು ಎದ್ದರು. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುವಾಗ ಅಕ್ಕ ಕರೆದಳು.

"ಸರ್, ನಿಮ್ಮ ಸಹಿ ಕೆಳಗೆ ತಾರೀಕು ಹಾಕಿಲ್ಲ."

ಅವರು ಮರಳಿ ಬಂದು, ಹಾಳೆ ಬಿಡಿಸಿ, ಗೋಡೆಗೊತ್ತಿ ತಾರೀಕು ಬರೆದರು. ಬರೆಯುವ ಮುನ್ನ ಹಾಳೆಯನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ, ತುಟಿ ಅಲುಗಿಸುತ್ತ, ಪೂರ್ತಿಯಾಗಿ ಓದಿದರು.